ಹಳೆಯ ಲಾರಿಯ ಅಳತೆಮುಳ್ಳುಗಳು

ಮನುಷ್ಯನ ಶರೀರದಲ್ಲಿ ಕುಂದುಂಟಾದರೆ ವೈದ್ಯನು ನಾಡಿಯನ್ನು ಹಿಡಿದು ನೋಡುವನು, ನಾಲಗೆಯನ್ನು ಚಾಚಿಸುವನು, ಜ್ವರದ ಕೊಳವೆಯನ್ನಿಟ್ಟು ತಾಪವನ್ನು ಅಳೆಯುವನು. ರೋಗಿಯೂ ತನ್ನ ಬಾಧೆಯನ್ನು ಬಾಯಿಬಿಟ್ಟು ಹೇಳಿಕೊಳ್ಳುವನು. ಮೋಟಾರು ಲಾರಿಗೆ ಇಂಥ ಬಾಯಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿದೆ, ಎಂಜಿನಿನೊಳಗೆ ಎಣ್ಣೆಯ ಒತ್ತಡ ಸರಿಯಾಗಿದೆಯೇ, ನೀರು ಕುದಿಯುವ ಸ್ಥಿತಿಗೆ ಬಂದಿದೆಯೇ, ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿದೆಯೇ ಅಥವಾ ಅದರಿಂದ ಸೋರಿಹೋಗುತ್ತಿದೆಯೇ ಎಂಬ ನಾಲ್ಕು ಸಂಗತಿಗಳನ್ನು ಅದು ಚಾಲಕನ ಮುಂದಿನ ಹಲಗೆಯಲ್ಲಿರುವ ನಾಲ್ಕು ಚಿಕ್ಕ ಮುಳ್ಳುಗಳ ಮೂಲಕವೇ ತಿಳಿಸಬೇಕು. ಗಡಿಯಾರದ ಮುಳ್ಳು ನಿಂತರೆ ಹೊತ್ತು ತಪ್ಪಬಹುದು, ಅಷ್ಟೆ. ಈ ಮುಳ್ಳುಗಳು ಸುಳ್ಳಾಡಿದರೆ ನಡುದಾರಿಯಲ್ಲಿ ಬಂಡಿ ನಿಲ್ಲುವುದು. ಇಲ್ಲವೆ ಎಂಜಿನ್ನೇ ಕೆಟ್ಟುಹೋಗುವುದು.

ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ತಯಾರಾದ ಲಾರಿಗಳಲ್ಲಿ ಈ ಮುಳ್ಳುಗಳು ಕೆಲಸಮಾಡದಿರುವುದು ಸಾಮಾನ್ಯವಾದ ದೂರು. ಒಡನೆಯೇ ಒಡೆಯನು ಗೇಜು ಕೆಟ್ಟಿತೆಂದು ತೀರ್ಮಾನಿಸಿ ಅದನ್ನು ಬಿಚ್ಚಿಸುವನು. “ಕುಣಿಯಲಾರದವಳು ನೆಲ ಡೊಂಕೆಂದಳು” ಎಂಬ ಗಾದೆಯನ್ನು ನಾವು ನೆಪ ಹೇಳುವವರನ್ನು ಹಾಸ್ಯ ಮಾಡುವುದಕ್ಕಾಗಿ ಬಳಸುತ್ತೇವೆ. ಆದರೆ ಈ ಮುಳ್ಳುಗಳ ವಿಷಯದಲ್ಲಿ ಆ ಗಾದೆಯನ್ನು ತಿರುಗಿಸಿ ಓದಿಕೊಳ್ಳಬೇಕು. ಇಲ್ಲಿ ಕುಣಿಯುವವಳಲ್ಲಿ ದೋಷವಿಲ್ಲದೆ, ನೆಲವೇ ಡೊಂಕಾಗಿರುವ ಸಂದರ್ಭಗಳು ಬಹಳ. ಮುಳ್ಳು ಕೇವಲ ಸಾಕ್ಷಿ. ಅದಕ್ಕೆ ತಲಪಿದ ಸುದ್ದಿಯನ್ನೇ ಅದು ಹೇಳುವುದು. ಸಾಕ್ಷಿಯನ್ನು ದಂಡಿಸುವ ಮೊದಲು ಸುದ್ದಿಯು ಬಂದ ದಾರಿಯನ್ನು ಪರೀಕ್ಷಿಸಬೇಕೆಂಬುದೇ ಈ ಲೇಖನದ ತಾತ್ಪರ್ಯ.

ಅಮೆರಿಕ, ಕೆನಡಾ ದೇಶಗಳಲ್ಲಿ ಹಿರಿಯರು ಹೊಲಗದ್ದೆಗಳಲ್ಲಿ ದುಡಿಸಿದ ಲಾರಿಯನ್ನು ಮಕ್ಕಳು ಮೊಮ್ಮಕ್ಕಳು ಕೊಟ್ಟಿಗೆಯಿಂದ ಹೊರತೆಗೆದು, ತಮ್ಮ ಕೈಯಿಂದಲೇ ಮತ್ತೆ ನಡೆಯುವಂತೆ ಮಾಡಿಕೊಳ್ಳುವುದು ಒಂದು ಗೃಹಕೃತ್ಯವೆಂಬಂತೆ ಬೆಳೆದುಬಂದಿದೆ. ಆ ಲಾರಿಗಳು ನಮಗೂ ಅಪರಿಚಿತವಲ್ಲ. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆಯನ್ನು ತೆರೆದ ಮೇಲೆ ಶೆವರ್ಲೆ ಬಂಡಿಗಳು ನಮ್ಮ ರಸ್ತೆಗಳಲ್ಲಿಯೂ ಓಡಾಡಿದುವು. ಹಳೆಯ ಬಂಡಿಗಳನ್ನು ಪ್ರೀತಿಯಿಂದ ಕಾಪಾಡಿಕೊಂಡಿರುವವರು ಈಗಲೂ ನಮ್ಮಲ್ಲಿರುವರು. ಇಂಥ ಬಂಡಿಯ ಮೂಲ ಗೇಜುಗಳನ್ನು ಕಾರ್ಖಾನೆಗಳು ತಯಾರಿಸುವುದನ್ನು ಬಿಟ್ಟು ದಶಕಗಳೇ ಕಳೆದಿವೆ. ಅನುಕರಣದ ಗೇಜುಗಳು ಮಾರಾಟಕ್ಕೆ ದೊರೆಯುವುದುಂಟು. ಆದರೆ ಅಜ್ಜನ ಕಾಲದಿಂದ ಬಂದುದನ್ನು ಒಂದು ಕ್ಷಣದ ಅವಸರದಲ್ಲಿ ಸುಟ್ಟುಕೊಂಡರೆ ಅದು ಮರಳಿ ಬಾರದು.

ಮುಳ್ಳುಗಳಿಗೆ ತಂತಿ ಬಂದ ಬಗೆ

ಹೆನ್ರಿ ಫೋರ್ಡನು 1908ರಿಂದ 1927ರವರೆಗೆ ತಯಾರಿಸಿದ ‘ಟಿ’ ಮಾದರಿಯ ಬಂಡಿಯಲ್ಲಿ ಪೆಟ್ರೋಲಿನ ಗೇಜೇ ಇರಲಿಲ್ಲ. ಟ್ಯಾಂಕಿನೊಳಗೆ ಒಂದು ಕೋಲನ್ನು ಇಳಿಬಿಟ್ಟು ಅದು ಎಷ್ಟು ನೆನೆದಿದೆಯೆಂಬುದನ್ನು ನೋಡಿಯೇ ಲೆಕ್ಕ ಹಾಕಬೇಕಾಗಿತ್ತು. ಅದರ ಅನಂತರ ಬಂದ ‘ಎ’ ಮಾದರಿಯಲ್ಲಿ ಟ್ಯಾಂಕು ಚಾಲಕನ ಎದುರಿಗೇ, ಹಲಗೆಯ ಹಿಂದೆ ಇದ್ದಿತು. ಒಳಗೆ ತೇಲುವ ಬೆಂಡು ಮೇಲೆ ಕೆಳಗೆ ಆಡಿದಂತೆ ಗೇಜು ತಾನಾಗಿ ತಿರುಗುತ್ತಿತ್ತು. ನಡುವೆ ತಂತಿಯ ಗೊಡವೆಯೇ ಇರಲಿಲ್ಲ. ಟ್ಯಾಂಕು ಬಂಡಿಯ ಹಿಂಭಾಗಕ್ಕೆ ಹೋದ ಮೇಲೆ, ಅಲ್ಲಿಯ ಸುದ್ದಿಯನ್ನು ಇಲ್ಲಿಗೆ ತರುವ ದೂತನು ಬೇಕಾದನು. ಆ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಿತು.

ಟ್ಯಾಂಕಿನೊಳಗೆ ಈಗಲೂ ಒಂದು ಬೆಂಡು ಅಥವಾ ಟೊಳ್ಳಾದ ಲೋಹದ ಡಬ್ಬಿ ತೇಲುತ್ತಿರುವುದು. ಅದಕ್ಕೆ ಹೊಂದಿದ ಕಡ್ಡಿಯು ಏರಿ ಇಳಿದಂತೆ ವಿದ್ಯುತ್ತಿನ ದಾರಿಯಲ್ಲಿರುವ ಅಡ್ಡಿಯು ಹೆಚ್ಚು ಕಡಮೆಯಾಗುವುದು. ಈ ಸಲಕರಣೆಯನ್ನೆಲ್ಲ ಸೇರಿಸಿ ಫ್ಲೋಟು ಎಂದು ಕರೆಯುವರು. ಫ್ಲೋಟು ಸುದ್ದಿಯನ್ನು ಕಳುಹುವುದು, ತಂತಿಯು ಒಯ್ಯುವುದು, ಗೇಜು ಓದಿ ಹೇಳುವುದು. ಈ ಮೂವರಲ್ಲಿ ಯಾರು ತಪ್ಪಿದರೂ ಕಣ್ಣಿಗೆ ಕಾಣುವುದು ಗೇಜಿನ ತಪ್ಪು ಮಾತ್ರ.

ಹೋಗುವ ದಾರಿ, ಬರುವ ದಾರಿ

ವಿದ್ಯುತ್ತು ಬ್ಯಾಟರಿಯ ಒಂದು ಕಡೆಯಿಂದ ಹೊರಟು ಕೆಲಸಮಾಡಿ, ಮತ್ತೊಂದು ಕಡೆಗೆ ಹಿಂತಿರುಗಿದರೆ ಮಾತ್ರ ಹರಿಯುವುದು. ಮನೆಯ ದೀಪಕ್ಕೆ ಹೋಗುವುದಕ್ಕೊಂದು ಬರುವುದಕ್ಕೊಂದು ಎಂದು ಎರಡು ತಂತಿಗಳಿರುವುವು. ಲಾರಿಯಲ್ಲಿ ಹೋಗುವ ದಾರಿಗೆ ಮಾತ್ರ ತಂತಿಯಿದ್ದು, ಬರುವ ದಾರಿಯ ಕೆಲಸವನ್ನು ಬಂಡಿಯ ಕಬ್ಬಿಣದ ಮೈಯೇ ಮಾಡುವುದು. ಈ ಬರುವ ದಾರಿಯನ್ನೇ ಮಿಸ್ತ್ರಿಗಳು ಅರ್ತು ಎನ್ನುವರು. ನಾವು ನೆಲವೆಂದು ಕರೆಯೋಣ. ತಂತಿ ಕಣ್ಣಿಗೆ ಕಾಣುವುದರಿಂದ ಅದನ್ನು ಎಲ್ಲರೂ ನೋಡುವರು. ನೆಲವು ಕಾಣುವುದಿಲ್ಲವಾದುದರಿಂದ ಅದರ ನೆನಪೇ ಯಾರಿಗೂ ಬರುವುದಿಲ್ಲ.

ಆದರೆ ಹಳೆಯ ಲಾರಿಯಲ್ಲಿ ನೆಲ ಕೆಡುವುದಕ್ಕೆ ಎಷ್ಟೋ ಕಾರಣಗಳುಂಟು. ಎಂಜಿನ್ನೂ ಚಾಲಕನ ಕೋಣೆಯೂ ರಬ್ಬರಿನ ಗುಂಡುಗಳ ಮೇಲೆ ಕುಳಿತಿರುವುವು. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಅವುಗಳಿಗೂ ಚಾಸಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯಿರಬೇಕು. ಅದು ಕಾಲಕ್ರಮದಲ್ಲಿ ತುಂಡಾಗಿಯೋ ಕಳೆದೋ ಹೋಗಿರುವುದು. ಬೋಲ್ಟುಗಳ ಕೆಳಗೆ ತುಕ್ಕು ಹಿಡಿದಿರುವುದು. ಎಲ್ಲಕ್ಕಿಂತ ವಿನೋದದ ಸಂಗತಿಯೆಂದರೆ, ಲಾರಿಯನ್ನು ಚೆನ್ನಾಗಿ ತಿಕ್ಕಿ ತೊಳೆದು ಹೊಸ ಬಣ್ಣ ಬಳಿದ ಮೇಲೆ ಮುಳ್ಳುಗಳು ಮೂಕವಾಗುವುದುಂಟು. ಬಣ್ಣವೂ ವಿದ್ಯುತ್ತನ್ನು ತಡೆಯುವ ವಸ್ತುವೇ. ಟ್ಯಾಂಕಿಗೂ ಪಟ್ಟಿಗೂ ನಡುವೆ, ಪಟ್ಟಿಗೂ ಚಾಸಿಗೂ ನಡುವೆ, ಗೇಜಿಗೂ ಹಲಗೆಗೂ ನಡುವೆ ನುಣುಪಾದ ಬಣ್ಣ ಕುಳಿತರೆ ಬರುವ ದಾರಿಯೆಲ್ಲ ಮುಚ್ಚಿದಂತಾಯಿತು. ಶೃಂಗಾರವೇ ಬಂಡಿಯ ಬಾಯನ್ನು ಕಟ್ಟಿಬಿಡುವುದು.

ಇನ್ನು ವಿದ್ಯುತ್ತಿನ ಅಳತೆಯ ಮಾತು. ನೀರಿನ ತೊಟ್ಟಿ ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ರಭಸ ಹೆಚ್ಚು. ಆ ರಭಸದಂತಿರುವುದು ವೋಲ್ಟು. ಹರಿಯುವ ನೀರಿನ ಪ್ರಮಾಣದಂತಿರುವುದು ಆಂಪಿಯರು. ಕೊಳವೆಯ ಇಕ್ಕಟ್ಟಿನಂತಿರುವುದು ಓಮು, ಇದನ್ನು ರೋಧವೆನ್ನುವರು. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರು ದೊರೆಯುವುದೆಂಬ ನಿಯಮವನ್ನು ಜರ್ಮನಿಯ ಗೇಯೋರ್ಗ್ ಓಮನು 1827ರಲ್ಲಿ ಪ್ರಕಟಿಸಿದನು. ಈ ಒಂದು ನಿಯಮವನ್ನು ತಿಳಿದವನಿಗೆ ಮುಂದಿನದೆಲ್ಲ ಸುಲಭ.

1950ರ ದಶಕದ ನಡುವಿನವರೆಗೂ ಅಮೆರಿಕದ ಬಹುತೇಕ ಸಣ್ಣ ಲಾರಿಗಳಲ್ಲಿ 6 ವೋಲ್ಟಿನ ಬ್ಯಾಟರಿಯಿದ್ದಿತು. ಶೆವರ್ಲೆ ಲಾರಿಗಳು 1955ರಲ್ಲಿಯೂ ಫೋರ್ಡ್ ಲಾರಿಗಳು 1956ರಲ್ಲಿಯೂ 12 ವೋಲ್ಟಿಗೆ ಬಂದುವು. ಅದಕ್ಕೆ ಹಿಂದಿನ 6 ವೋಲ್ಟಿನ ಫೋರ್ಡುಗಳಲ್ಲಿ ಬ್ಯಾಟರಿಯ ಧನ, ಎಂದರೆ ಪ್ಲಸ್ ಕಡೆಯನ್ನು ನೆಲಕ್ಕೆ ಹೊಂದಿಸಿರುವರು. ಶೆವರ್ಲೆಗಳಲ್ಲಿ ಋಣ, ಎಂದರೆ ಮೈನಸ್ ಕಡೆಯನ್ನು. ಕೆಲಸಕ್ಕೆ ಕೈಹಾಕುವ ಮೊದಲು ತನ್ನ ಬಂಡಿ ಯಾವ ಪಂಗಡದ್ದೆಂಬುದನ್ನು ಪ್ರತಿಯೊಬ್ಬನೂ ತಿಳಿದುಕೊಳ್ಳತಕ್ಕದ್ದು.

ಶೆವರ್ಲೆಯ ಎರಡು ಸುರುಳಿಗಳು

ಉದಾಹರಣೆಗೆ 1947ರಿಂದ ತಯಾರಾದ, ಉಬ್ಬುಮೂತಿಯ ಶೆವರ್ಲೆ ಲಾರಿಯನ್ನು ತೆಗೆದುಕೊಳ್ಳೋಣ. ಇದರ ಪೆಟ್ರೋಲಿನ ಗೇಜಿನೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳು ಒಂದಕ್ಕೊಂದು ಅಡ್ಡಲಾಗಿ ನಿಂತಿರುವುವು. ನಡುವೆ ಮುಳ್ಳಿಗೆ ಅಂಟಿದ ಕಬ್ಬಿಣದ ತುಣುಕು. ವಿದ್ಯುತ್ತು ಹರಿದಾಗ ಎರಡು ಸುರುಳಿಗಳೂ ಸೂಜಿಗಲ್ಲುಗಳಾಗಿ ಆ ತುಣುಕನ್ನು ತಂತಮ್ಮ ಕಡೆಗೆ ಎಳೆಯುವುವು. ಒಂದು ಖಾಲಿಯ ಕಡೆಗೆ, ಇನ್ನೊಂದು ತುಂಬಿದ ಕಡೆಗೆ. ಸೊಸೆಯನ್ನು ತೌರಿನವರೂ ಅತ್ತೆಯ ಮನೆಯವರೂ ಕರೆದಂತೆ. ಯಾರ ಎಳೆತ ಬಲವಾದುದೋ ಆ ಕಡೆಗೆ ಮುಳ್ಳು ವಾಲುವುದು.

ಟ್ಯಾಂಕಿನ ಫ್ಲೋಟು ‘ತುಂಬಿದ’ ಕಡೆಯ ಸುರುಳಿಗೆ ಪಕ್ಕದ ದಾರಿಯಾಗಿ ಕೂಡಿಕೊಂಡಿರುವುದು. ಟ್ಯಾಂಕು ಬರಿದಾಗಿರುವಾಗ ಫ್ಲೋಟಿನ ರೋಧ ಹೆಚ್ಚುಕಡಮೆ ಸೊನ್ನೆ. ಆಗ ವಿದ್ಯುತ್ತೆಲ್ಲ ಆ ಸುಲಭದ ದಾರಿಯಿಂದಲೇ ನೆಲಕ್ಕಿಳಿದುಹೋಗಿ ಆ ಸುರುಳಿ ಬಲಹೀನವಾಗುವುದು. ಮುಳ್ಳು ಖಾಲಿಯ ಕಡೆಗೆ ತಿರುಗುವುದು. ಟ್ಯಾಂಕು ತುಂಬಿದಾಗ ಫ್ಲೋಟಿನ ರೋಧ 30 ಓಮಿನಷ್ಟಾಗುವುದು. ಪಕ್ಕದ ದಾರಿ ಇಕ್ಕಟ್ಟಾದುದರಿಂದ ಸುರುಳಿಯಲ್ಲಿ ಹೆಚ್ಚು ವಿದ್ಯುತ್ತು ಹರಿದು ಮುಳ್ಳನ್ನು ಎಳೆದುಕೊಳ್ಳುವುದು. ಬ್ಯಾಟರಿಯ ಬಲ ಸ್ವಲ್ಪ ಕುಗ್ಗಿದರೆ ಎರಡು ಸುರುಳಿಗಳ ಎಳೆತವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಮುಳ್ಳು ತನ್ನ ಸ್ಥಾನವನ್ನು ಬಿಡುವುದಿಲ್ಲ. ಅಂಥ ಜಾಣ್ಮೆಯ ರಚನೆಯಿದು.

ಇದರಿಂದ ಒಂದು ಮುಖ್ಯವಾದ ಅಂಶ ಹೊರಡುವುದು. ಫ್ಲೋಟಿನ ತಂತಿ ಎಲ್ಲಿಯಾದರೂ ತುಂಡಾದರೆ ಶೆವರ್ಲೆಯ ಮುಳ್ಳು ಟ್ಯಾಂಕು ತುಂಬಿದೆಯೆಂದು ಹೇಳುವುದು. ತುಂಬಿದ ಗುರುತನ್ನೂ ದಾಟಿ ನಿಲ್ಲುವುದು. ಫ್ಲೋಟಿನ ನೆಲ ಕೆಟ್ಟರೂ ಇದೇ ಫಲ. ಅದೇ ತಂತಿಯ ಹೊದಿಕೆ ಸವೆದು ಚಾಸಿಗೆ ತಗುಲಿದರೆ ಮುಳ್ಳು ಸದಾ ಖಾಲಿಯನ್ನೇ ತೋರಿಸುವುದು. ಖಾಲಿ ಟ್ಯಾಂಕನ್ನು ತುಂಬಿದೆಯೆಂದು ಹೇಳುವ ಸುಳ್ಳೇ ಹೆಚ್ಚು ಅಪಾಯದ್ದೆಂಬುದನ್ನು ಹೇಳಬೇಕಾದುದಿಲ್ಲ.

ಫೋರ್ಡಿನ ಬಿಸಿಯಾಗುವ ಪಟ್ಟಿ

ಫೋರ್ಡ್ ಲಾರಿಗಳ ಗೇಜಿನ ತತ್ತ್ವವೇ ಬೇರೆ. ಕಾಯಿಸಿದರೆ ಲೋಹಗಳು ಹಿಗ್ಗುವುವು. ಆದರೆ ಎಲ್ಲ ಲೋಹಗಳೂ ಒಂದೇ ಸಮನಾಗಿ ಹಿಗ್ಗುವುದಿಲ್ಲ. ಎರಡು ಬಗೆಯ ಲೋಹಗಳನ್ನು ಒಂದಕ್ಕೊಂದು ಬೆಸೆದು ಪಟ್ಟಿ ಮಾಡಿದರೆ, ಬಿಸಿಯಾದಾಗ ಆ ಪಟ್ಟಿ ಒಂದು ಕಡೆಗೆ ಬಾಗುವುದು. ಈ ಪಟ್ಟಿಗೆ ತೆಳುವಾದ ತಂತಿಯನ್ನು ಸುತ್ತಿ ವಿದ್ಯುತ್ತನ್ನು ಹರಿಸಿದರೆ ಅದು ಬೆಚ್ಚಗಾಗಿ ಬಾಗಿ ಮುಳ್ಳನ್ನು ನೂಕುವುದು. 6 ವೋಲ್ಟಿನ ಕಾಲದ ಫೋರ್ಡುಗಳಲ್ಲಿ ಇಂಥದೇ ಇನ್ನೊಂದು ಪಟ್ಟಿ ಟ್ಯಾಂಕಿನ ಫ್ಲೋಟಿನಲ್ಲಿಯೂ ಇರುವುದು. ಅದು ಬಿಸಿಯಾಗಿ ಬಾಗಿದಾಗ ಸಂಪರ್ಕ ಬಿಡುವುದು, ತಣ್ಣಗಾದಾಗ ಮತ್ತೆ ಕೂಡುವುದು. ಪೆಟ್ರೋಲು ಹೆಚ್ಚಿದಷ್ಟೂ ಫ್ಲೋಟು ಆ ಸಂಪರ್ಕವನ್ನು ಬಿಗಿಯಾಗಿ ಒತ್ತುವುದರಿಂದ ಅದು ಬಿಡಲು ಹೆಚ್ಚು ಬಿಸಿ ಬೇಕಾಗುವುದು. ಅಷ್ಟು ಹೆಚ್ಚು ವಿದ್ಯುತ್ತು ಗೇಜಿನಲ್ಲಿಯೂ ಹರಿಯುವುದು.

ಆದುದರಿಂದ ಫೋರ್ಡಿನ ಮುಳ್ಳಿನ ನಡೆ ನಿಧಾನ. ಕೀಲಿ ತಿರುಗಿಸಿದೊಡನೆ ಅದು ನೆಗೆಯದೆ, ಹಾಲು ಕಾದಂತೆ ಮೆಲ್ಲಮೆಲ್ಲಗೆ ಮೇಲೇರುವುದು. ಪರೀಕ್ಷಿಸುವವನು ಒಂದು ನಿಮಿಷವಾದರೂ ಕಾಯದೆ ತೀರ್ಪು ಕೊಡಬಾರದು. ತಂತಿ ತುಂಡಾದರೆ ಬಿಸಿಯೇ ಇಲ್ಲವಾದುದರಿಂದ ಈ ಮುಳ್ಳು ಖಾಲಿಯ ಕಡೆಯಲ್ಲಿಯೇ ಬಿದ್ದಿರುವುದು. ವಾಚಕರು ಗಮನಿಸಬೇಕು: ಒಂದೇ ದೋಷಕ್ಕೆ ಶೆವರ್ಲೆಯು ತುಂಬಿದೆಯೆನ್ನುವುದು, ಫೋರ್ಡು ಬರಿದಾಗಿದೆಯೆನ್ನುವುದು. ಒಂದರ ಮೇಲೆ ಕಲಿತ ಪಾಠವನ್ನು ಇನ್ನೊಂದರ ಮೇಲೆ ಪ್ರಯೋಗಿಸಿದವನು ಸರಿಯಾದ ಗೇಜನ್ನು ಕಿತ್ತು ಬಿಸುಡುವನು.

ಆ ಕಾಲದ ಫೋರ್ಡಿನ ನೀರಿನ ತಾಪದ ಗೇಜಿನಲ್ಲಿ ಇನ್ನೂ ಒಂದು ವಿಚಿತ್ರವುಂಟು. ನೀರು ತಣ್ಣಗಿರುವಾಗ ಇದರಲ್ಲಿ ಹೆಚ್ಚು ವಿದ್ಯುತ್ತು ಹರಿಯುವುದು, ಕಾದಂತೆಲ್ಲ ಕಡಮೆಯಾಗುವುದು. ಹೀಗಾಗಿ ಕೀಲಿ ತೆಗೆದು ನಿಲ್ಲಿಸಿದ ಲಾರಿಯ ಮುಳ್ಳು ‘ಬಿಸಿ’ಯ ತುದಿಯಲ್ಲಿ ನಿಂತಿರುವುದು, ಕೀಲಿ ತಿರುಗಿಸಿದಾಗ ‘ತಂಪಿ’ನ ಕಡೆಗೆ ಬರುವುದು. ಅರಿಯದವರು ಇದನ್ನು ರೋಗವೆಂದು ಭ್ರಮಿಸುವರು. ಇದು ಅದರ ಸ್ವಭಾವ.

12 ವೋಲ್ಟು ಬಂದ ಮೇಲಿನ ಫೋರ್ಡುಗಳಲ್ಲಿ ಫ್ಲೋಟು ಸಾಮಾನ್ಯ ರೋಧದ ಸುರುಳಿಯಾಯಿತು: ಖಾಲಿಗೆ ಸುಮಾರು 73 ಓಮು, ತುಂಬಿದಾಗ ಸುಮಾರು 10 ಓಮು. ಗೇಜುಗಳಿಗೆ 12 ವೋಲ್ಟು ನೇರವಾಗಿ ಹೋಗದಂತೆ ನಡುವೆ ಒಂದು ಚಿಕ್ಕ ನಿಯಂತ್ರಕವನ್ನು ಇಟ್ಟಿರುವರು. ಅದು ವಿದ್ಯುತ್ತನ್ನು ಬಿಟ್ಟುಬಿಟ್ಟು ಹರಿಸಿ ಸರಾಸರಿಯಲ್ಲಿ 5 ವೋಲ್ಟಿನಷ್ಟು ಒದಗಿಸುವುದು. ಇದರ ಮೈಗೂ ಒಳ್ಳೆಯ ನೆಲ ಬೇಕು. ನೆಲ ತಪ್ಪಿದರೆ ಅದು ತಡೆಯುವ ಕೆಲಸವನ್ನು ಬಿಟ್ಟು ಪೂರ್ತಿ 12 ವೋಲ್ಟನ್ನೇ ಒಳಬಿಡುವುದು. ಗೇಜುಗಳು ಒಟ್ಟಾಗಿ ಸುಟ್ಟುಹೋಗುವುವು. ಇಂಥ ಲಾರಿಗಳಲ್ಲಿ ಒಂದು ಸೂತ್ರವನ್ನು ನೆನಪಿಡಬೇಕು: ಒಂದೇ ಮುಳ್ಳು ತಪ್ಪು ಹೇಳಿದರೆ ಅದರ ತಂತಿಯನ್ನೂ ಘಟಕವನ್ನೂ ನೋಡು; ಎಲ್ಲ ಮುಳ್ಳುಗಳೂ ಕೂಡಿ ತಪ್ಪು ಹೇಳಿದರೆ ಎಲ್ಲಕ್ಕೂ ಸಮಾನವಾದ ನಿಯಂತ್ರಕವನ್ನು ನೋಡು.

ಆಮ್ಮೀಟರೂ ವಿದ್ಯುತ್ತಿಲ್ಲದ ಗೇಜುಗಳೂ

ಬ್ಯಾಟರಿಯ ವರಮಾನ ಖರ್ಚುಗಳನ್ನು ತೋರಿಸುವ ಆಮ್ಮೀಟರು ಉಳಿದವುಗಳಂತಲ್ಲ. ಉಳಿದ ಗೇಜುಗಳಲ್ಲಿ ಅಲ್ಪ ವಿದ್ಯುತ್ತು ಹರಿದರೆ, ಇದರ ಮೂಲಕ ಬಂಡಿಯ ವಿದ್ಯುತ್ತಿನ ಬಹುಭಾಗವೇ ಹಾದುಹೋಗುವುದು. ಎಂಜಿನನ್ನು ಎಬ್ಬಿಸುವ ಸ್ಟಾರ್ಟರಿನ ಪಾಲು ಮಾತ್ರ ಹೊರತು. ಎರಡು ದೀಪಗಳಿಗೆ 45 ವಾಟಿನಂತೆ 90 ವಾಟಾದರೆ, 6 ವೋಲ್ಟಿನ ಬಂಡಿಯಲ್ಲಿ ಅವೆರಡೇ 15 ಆಂಪಿಯರನ್ನು ಎಳೆಯುವುವು. ಆದುದರಿಂದ ಇದರ ತಂತಿಗಳು ದಪ್ಪವಾಗಿರಬೇಕು, ತುದಿಗಳು ಬಿಗಿಯಾಗಿರಬೇಕು, ಹಿಂಭಾಗದ ಮೊಳೆಗಳು ಹಲಗೆಯ ಲೋಹಕ್ಕೆ ಎಂದಿಗೂ ತಗುಲಬಾರದು. ಇಲ್ಲಿ ತಂತಿಯ ಹೊದಿಕೆ ಸವೆದು ಮೈಗೆ ತಾಗಿದರೆ ಬ್ಯಾಟರಿಯ ಬಲವೆಲ್ಲ ಒಂದೇ ಕಡೆ ಧುಮುಕಿ ಬೆಂಕಿಯೇಳುವುದು.

ಫೋರ್ಡಿನ ಹಲವು ಆಮ್ಮೀಟರುಗಳಿಗೆ ಮೊಳೆಗಳೇ ಇಲ್ಲ. ಹಿಂದೆ ಒಂದು ಲೋಹದ ಕುಣಿಕೆಯಿದ್ದು, ತಂತಿಯು ಅದರೊಳಗೆ ತೂರಿ ಹೋಗುವುದು. ತಂತಿಯ ಸುತ್ತ ಹುಟ್ಟುವ ಸೂಜಿಗಲ್ಲಿನ ಶಕ್ತಿಯೇ ಮುಳ್ಳನ್ನು ತಿರುಗಿಸುವುದು. ಎರಡು ಬಗೆಗೂ ಪರೀಕ್ಷೆ ಒಂದೇ. ಎಂಜಿನನ್ನು ನಿಲ್ಲಿಸಿ ದೀಪಗಳನ್ನು ಹೊತ್ತಿಸಿದರೆ ಮುಳ್ಳು ಖರ್ಚಿನ ಕಡೆಗೆ ಸರಿಯಬೇಕು. ಆದಾಯದ ಕಡೆಗೆ ಸರಿದರೆ ತಂತಿಗಳು ಅದಲುಬದಲಾಗಿವೆಯೆಂದು, ಇಲ್ಲವೆ ಕುಣಿಕೆಯಲ್ಲಿ ತಂತಿಯು ಹಿಂದುಮುಂದಾಗಿ ತೂರಿದೆಯೆಂದು ತಿಳಿಯಬೇಕು.

ಶೆವರ್ಲೆಯ ಎಣ್ಣೆಯ ಗೇಜಿಗೂ ನೀರಿನ ಗೇಜಿಗೂ ವಿದ್ಯುತ್ತಿನ ಸಂಬಂಧವೇ ಇಲ್ಲ. ಅವು ಫ್ರಾನ್ಸಿನ ಬೂರ್ದೋನನು 1849ರಲ್ಲಿ ಕಂಡುಹಿಡಿದ ಬಾಗಿದ ಕೊಳವೆಯ ತತ್ತ್ವದಿಂದ ನಡೆಯುವುವು. ಎಣ್ಣೆಯ ಗೇಜಿಗೆ ಎಂಜಿನಿನಿಂದ ಎಣ್ಣೆಯೇ ಕೊಳವೆಯಲ್ಲಿ ಬರುವುದು. ನೀರಿನ ಗೇಜಿನ ಸಣ್ಣ ಕೊಳವೆಯಲ್ಲಿ ಈಥರ್ ಎಂಬ ಬೇಗ ಆವಿಯಾಗುವ ದ್ರವವಿರುವುದು. ಇವನ್ನು ತಂತಿಯೆಂದು ಭಾವಿಸಿ ಕತ್ತರಿಸಿದರೆ ಗೇಜು ಅಲ್ಲಿಗೆ ಮುಗಿಯಿತು. ಇದರ ತುದಿಯ ಗುಂಡನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಅದ್ದಿ ಪರೀಕ್ಷಿಸುವುದು ಮನೆಯಲ್ಲಿಯೇ ಸಾಧ್ಯ. ಸಮುದ್ರ ಮಟ್ಟದಲ್ಲಿ ನೀರು 212 ಫ್ಯಾರನ್‌ಹೀಟ್ ಡಿಗ್ರಿಯಲ್ಲಿ ಕುದಿಯುವುದಾದರೂ, ಎತ್ತರದಲ್ಲಿರುವ ಬೆಂಗಳೂರಿನಂಥ ಊರಿನಲ್ಲಿ ಸುಮಾರು 206ರಲ್ಲಿಯೇ ಕುದಿಯುವುದೆಂಬುದನ್ನು ಮರೆಯದೆ ಮುಳ್ಳನ್ನು ಓದಬೇಕು.

ತಂತಿಯ ಜೋಡಣೆ

ಹಳೆಯ ತಂತಿಗಳ ರಬ್ಬರೂ ನೂಲಿನ ಹೊದಿಕೆಯೂ ಒಣಗಿ, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುವುವು. ಅಂಥವನ್ನು ತೇಪೆ ಹಾಕದೆ ಪೂರ್ತಿಯಾಗಿ ಬದಲಾಯಿಸುವುದೇ ಲೇಸು. ಮೊದಲು ಬ್ಯಾಟರಿಯನ್ನು ಬಿಡಿಸಬೇಕು. ಅದರಲ್ಲಿಯೂ ನೆಲಕ್ಕೆ ಹೊಂದಿದ ಕಡೆಯನ್ನು ಮೊದಲು ಬಿಚ್ಚಿ, ಮರಳಿ ಕೂಡಿಸುವಾಗ ಅದನ್ನೇ ಕೊನೆಯಲ್ಲಿ ಕೂಡಿಸಬೇಕು. ಹೀಗೆ ಮಾಡಿದರೆ ಸ್ಪ್ಯಾನರು ಅಕಸ್ಮಾತ್ತಾಗಿ ಬಂಡಿಯ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಒಂದೊಂದು ತಂತಿಯನ್ನು ಬಿಚ್ಚುವಾಗಲೂ ಅದಕ್ಕೆ ಚೀಟಿ ಕಟ್ಟಿ, ಅದು ಎಲ್ಲಿಂದ ಎಲ್ಲಿಗೆ ಹೋಗುವುದೆಂದು ಬರೆದಿಡಬೇಕು.

ಅಮೆರಿಕದ ಅಳತೆಯಲ್ಲಿ ತಂತಿಯ ನಂಬರು ಕಡಮೆಯಾದಷ್ಟೂ ತಂತಿ ದಪ್ಪ. ಗೇಜುಗಳಿಗೆ 16ನೆಯ ನಂಬರಿನ ತಂತಿ ಸಾಕು. ಆಮ್ಮೀಟರಿಗೆ 10ನೆಯದು ಅಥವಾ ಅದಕ್ಕಿಂತ ದಪ್ಪನಾದುದು ಬೇಕು. 6 ವೋಲ್ಟಿನ ಬಂಡಿಯಲ್ಲಿ ತಂತಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಕೆಟ್ಟ ಜೋಡಣೆಯಿಂದ ಅರ್ಧ ವೋಲ್ಟು ನಷ್ಟವಾದರೆ 12ರಲ್ಲಿ ಅದು ಇಪ್ಪತ್ತನಾಲ್ಕರಲ್ಲೊಂದು ಪಾಲು. 6ರಲ್ಲಿ ಹನ್ನೆರಡರಲ್ಲೊಂದು ಪಾಲು. ಗೇಜುಗಳಿಗೆ ಹೋಗುವ ತಂತಿಯಲ್ಲಿ ಒಂದು ಸಣ್ಣ ಫ್ಯೂಸನ್ನು ಸೇರಿಸುವುದು ಮೂಲದಲ್ಲಿ ಇಲ್ಲದಿದ್ದರೂ ವಿವೇಕದ ಕೆಲಸ. ತಗಡಿನ ತೂತಿನ ಮೂಲಕ ತಂತಿ ಹಾಯುವಲ್ಲೆಲ್ಲ ರಬ್ಬರಿನ ಬಳೆಯನ್ನು ತೊಡಿಸಬೇಕು.

ನೆಲವನ್ನು ಸರಿಪಡಿಸುವುದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ಬೋಲ್ಟು ಕೂರುವ ಜಾಗದಷ್ಟನ್ನು ಮಾತ್ರ ಉಪ್ಪುಕಾಗದದಿಂದ ತಿಕ್ಕಿ ಲೋಹ ಹೊಳೆಯುವಂತೆ ಮಾಡಬೇಕು. ಹಲ್ಲುಗಳಿರುವ ವಾಷರನ್ನಿಟ್ಟು ಬಿಗಿಯಬೇಕು. ಆಮೇಲೆ ತುಕ್ಕು ಬಾರದಂತೆ ಹೊರಗಿನಿಂದ ಸ್ವಲ್ಪ ಗ್ರೀಸು ಸವರಬೇಕು. ಎಂಜಿನಿಗೂ ಚಾಸಿಗೂ, ಚಾಲಕನ ಕೋಣೆಗೂ ಚಾಸಿಗೂ ತಾಮ್ರದ ಪಟ್ಟಿಗಳಿರಲಿ. ಫ್ಲೋಟಿನ ತಿರುಪಿನಿಂದ ಚಾಸಿಗೆ ಬೇರೆಯೇ ಒಂದು ತಂತಿಯನ್ನು ಎಳೆದುಬಿಟ್ಟರೆ ಬಣ್ಣದ ತೊಡಕು ಶಾಶ್ವತವಾಗಿ ತಪ್ಪುವುದು.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ತೊಡಗುವ ಮೊದಲು ಒಂದು ಎಚ್ಚರಿಕೆ. ಶೆವರ್ಲೆಯ ಅನೇಕ ಮಾದರಿಗಳಲ್ಲಿ 1949ರಿಂದ ಟ್ಯಾಂಕು ಚಾಲಕನ ಬೆನ್ನ ಹಿಂದೆ, ಕೋಣೆಯ ಒಳಗೇ ಇರುವುದು. ಪೆಟ್ರೋಲಿನ ಆವಿಗೆ ಸಣ್ಣ ಕಿಡಿಯೇ ಸಾಕು. ಫ್ಲೋಟನ್ನು ಹೊರತೆಗೆದು ಟ್ಯಾಂಕಿನ ಬಾಯಿ ತೆರೆದಿರುವಾಗ ಯಾವ ತಂತಿಯನ್ನೂ ಮೈಗೆ ತಾಗಿಸಿ ನೋಡಬಾರದು. ಕಿಡಿ ಹಾರಬಹುದಾದ ಪರೀಕ್ಷೆಗಳನ್ನು ಟ್ಯಾಂಕಿನಿಂದ ದೂರದಲ್ಲಿ, ಹಲಗೆಯ ಬಳಿಯಲ್ಲಿಯೇ ಮಾಡತಕ್ಕದ್ದು. ಬಂಡಿ ಬಯಲಿನಲ್ಲಿರಲಿ, ಬೀಡಿ ಸಿಗರೇಟು ಮತ್ತು ಮಕ್ಕಳು ದೂರದಲ್ಲಿರಲಿ.

ಮೊದಲನೆಯದಾಗಿ, ಬ್ಯಾಟರಿಯನ್ನು ಅಳೆಯಬೇಕು. ಚೆನ್ನಾಗಿ ತುಂಬಿದ 6 ವೋಲ್ಟಿನ ಬ್ಯಾಟರಿಯು 6.3ನ್ನೂ 12 ವೋಲ್ಟಿನದು 12.6ನ್ನೂ ತೋರಿಸುವುದು.

ಎರಡನೆಯದಾಗಿ, ಕೀಲಿ ತಿರುಗಿಸಿ, ಗೇಜಿನ ಮೊಳೆಗೆ ವಿದ್ಯುತ್ತು ಬಂದಿದೆಯೇ ಎಂದು ಮೀಟರಿನಿಂದ ನೋಡಬೇಕು. ಇಲ್ಲಿಗೇ ಬಾರದಿದ್ದರೆ ಮುಂದಿನದನ್ನು ಹುಡುಕಿ ಫಲವಿಲ್ಲ.

ಮೂರನೆಯದಾಗಿ, ನೆಲವನ್ನು ಪರೀಕ್ಷಿಸಬೇಕು. ಕೀಲಿ ತಿರುಗಿಸಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಲದ ಕಡೆಗೂ ಇನ್ನೊಂದನ್ನು ಫ್ಲೋಟಿನ ಲೋಹದ ಮುಚ್ಚಳಕ್ಕೂ ಹಿಡಿದರೆ ವೋಲ್ಟು ಸೊನ್ನೆಯ ಸಮೀಪದಲ್ಲಿರಬೇಕು. ಅರ್ಧ ವೋಲ್ಟು ಕಂಡರೂ ನೆಲ ಡೊಂಕೆಂದೇ ಅರ್ಥ. ಗೇಜಿನ ಮೈಗೂ ಇದೇ ಪರೀಕ್ಷೆ. ಎಷ್ಟೋ ಬಂಡಿಗಳ ಚಿಕಿತ್ಸೆ ಇಲ್ಲಿಗೇ ಮುಗಿಯುವುದು.

ನಾಲ್ಕನೆಯದಾಗಿ, ಗೇಜಿನ ಸರದಿ. ಶೆವರ್ಲೆಯಲ್ಲಿ ಫ್ಲೋಟಿನ ತಂತಿಯನ್ನು ಗೇಜಿನ ಬಳಿ ಬಿಚ್ಚಿದರೆ ಮುಳ್ಳು ತುಂಬಿದ ಕಡೆಗೆ ಹೋಗಬೇಕು. ಗೇಜಿನ ಆ ಮೊಳೆಯನ್ನು ಒಂದು ತುಂಡು ತಂತಿಯಿಂದ ನೆಲಕ್ಕೆ ತಾಗಿಸಿದರೆ ಖಾಲಿಗೆ ಬರಬೇಕು. ಎರಡೂ ನಡೆದರೆ ಗೇಜು ನಿರ್ದೋಷಿ. ಆದರೆ ತಂತಿಯನ್ನು ನೆಲಕ್ಕೆ ತಾಗಿಸುವ ಈ ಪರೀಕ್ಷೆಯನ್ನು ಫೋರ್ಡಿನ ಮೇಲೆ ಮಾಡಬಾರದು. ಅದರ ಪಟ್ಟಿ ಎಡೆಬಿಡದೆ ಕಾದು ಸುರುಳಿ ಸುಟ್ಟುಹೋಗುವುದು. ಬ್ಯಾಟರಿಯಿಂದ ನೇರವಾಗಿ ಫ್ಲೋಟಿಗೆ ತಂತಿ ಕೊಡುವುದಂತೂ ಯಾವ ಬಂಡಿಗೂ ಸಲ್ಲದು.

ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಬೇಕೆನ್ನುವವರು ರೇಡಿಯೋ ಸಾಮಾನಿನ ಅಂಗಡಿಯಿಂದ 10 ಓಮಿನ, ಕೆಲವು ವಾಟು ತಾಳಬಲ್ಲ ಎಂಟು ರೋಧಗಳನ್ನು ತಂದು ಸರದಂತೆ ಪೋಣಿಸಿಕೊಳ್ಳಲಿ. ಫ್ಲೋಟಿನ ಬದಲು ಈ ಸರವನ್ನು ಗೇಜಿಗೂ ನೆಲಕ್ಕೂ ನಡುವೆ ಇಟ್ಟರೆ, ಶೆವರ್ಲೆಯ ಮುಳ್ಳು ಮೂರು ರೋಧಗಳಿಗೆ ತುಂಬಿದುದನ್ನೂ, ಒಂದೊಂದಾಗಿ ಕಡಮೆ ಮಾಡಿದಂತೆ ಕೆಳಗಿನ ಗುರುತುಗಳನ್ನೂ ತೋರಿಸುವುದು. 12 ವೋಲ್ಟಿನ ಫೋರ್ಡಿನಲ್ಲಿ ಒಂದೇ ರೋಧಕ್ಕೆ ತುಂಬಿದುದನ್ನೂ ಏಳಕ್ಕೆ ಬಹುಮಟ್ಟಿಗೆ ಖಾಲಿಯನ್ನೂ ತೋರಿಸುವುದು. 6 ವೋಲ್ಟಿನ ಫೋರ್ಡಿಗೆ ಈ ಸರ ಹೊಂದದು. ಅದಕ್ಕೆ ಸರಿಯೆಂದು ಗೊತ್ತಿರುವ ಬೇರೊಂದು ಫ್ಲೋಟನ್ನು, ಟ್ಯಾಂಕಿನಿಂದ ದೂರದಲ್ಲಿ, ನೆಲಕ್ಕೆ ಹೊಂದಿಸಿ ಕೈಯಿಂದ ಆಡಿಸಿ ನೋಡಬೇಕು.

ಐದನೆಯದಾಗಿ, ಇಷ್ಟರ ಮೇಲೂ ದೋಷ ಉಳಿದರೆ ಬ್ಯಾಟರಿಯನ್ನು ಬಿಡಿಸಿ, ತಂತಿಯ ಎರಡು ತುದಿಗಳ ನಡುವೆ ರೋಧವನ್ನು ಅಳೆದು ಅದು ತುಂಡಾಗಿಲ್ಲವೆಂದು ಖಚಿತಪಡಿಸಿಕೊಂಡು, ಕೊನೆಯಲ್ಲಿ ಫ್ಲೋಟನ್ನು ಹೊರತೆಗೆಯಬೇಕು. ಕಡ್ಡಿಯನ್ನು ನಿಧಾನವಾಗಿ ಮೇಲೆತ್ತಿದರೆ ಶೆವರ್ಲೆಯ ಫ್ಲೋಟಿನ ರೋಧವು ಸೊನ್ನೆಯಿಂದ 30ರವರೆಗೆ ನುಣ್ಣಗೆ ಏರಬೇಕು. ನಡುವೆ ನೆಗೆದರೆ ಸುರುಳಿ ಕೊಳೆಯಾಗಿದೆ ಅಥವಾ ಕಡಿದಿದೆ. ಬೆಂಡನ್ನೂ ನೋಡಬೇಕು. ಹಳೆಯ ಬೆಂಡುಗಳಿಗೆ ಬಳಿದ ಅರಗಿನ ಲೇಪವನ್ನು ಮದ್ಯಸಾರ ಕರಗಿಸುವುದು. ಇಂದಿನ ಪೆಟ್ರೋಲಿನಲ್ಲಿ ಎಥನಾಲೆಂಬ ಮದ್ಯಸಾರವೇ ಬೆರೆತಿರುವುದು. ಲೇಪ ಹೋದ ಬೆಂಡು ಪೆಟ್ರೋಲನ್ನು ಹೀರಿ ಮುಳುಗಿದರೆ ತುಂಬಿದ ಟ್ಯಾಂಕೂ ಖಾಲಿಯೆನಿಸುವುದು. ಅಂಥದನ್ನು ಬದಲಾಯಿಸಬೇಕು.

ಆರು ಹನ್ನೆರಡಾದಾಗ

ದೀಪ ಪ್ರಕಾಶವಾಗಲೆಂದು ಹಲವರು 6 ವೋಲ್ಟಿನ ಬಂಡಿಗೆ 12 ವೋಲ್ಟಿನ ಬ್ಯಾಟರಿಯನ್ನು ಕೂಡಿಸುವರು. ದೀಪಗಳನ್ನು ಬದಲಾಯಿಸಲು ಯಾರೂ ಮರೆಯುವುದಿಲ್ಲ, ಗೇಜುಗಳನ್ನು ಮರೆಯುವರು. ಇಮ್ಮಡಿ ವೋಲ್ಟಿನಿಂದ ಇಮ್ಮಡಿ ವಿದ್ಯುತ್ತು ಹರಿದರೆ ಹುಟ್ಟುವ ಬಿಸಿಯು ನಾಲ್ಮಡಿಯಾಗುವುದು. ಶೆವರ್ಲೆಯ ಸುರುಳಿಗಳ ಮುಂದೆ ತಕ್ಕ ರೋಧವನ್ನೂ, ಫೋರ್ಡಿನ ಪಟ್ಟಿಗಳ ಮುಂದೆ 6 ವೋಲ್ಟಿಗೆ ಇಳಿಸುವ ಸಾಧನವನ್ನೂ ಇಡಲೇಬೇಕು. ಆಮ್ಮೀಟರಿಗೆ ಮಾತ್ರ ಈ ಭಯವಿಲ್ಲ. ಅದು ಅಳೆಯುವುದು ಆಂಪಿಯರನ್ನೇ ಹೊರತು ವೋಲ್ಟನ್ನಲ್ಲ. ಫೋರ್ಡಿನಲ್ಲಿ ಇದರೊಡನೆ ನೆಲದ ಧ್ರುವವನ್ನೂ ತಿರುಗಿಸಿದ್ದರೆ ಆಮ್ಮೀಟರಿನ ತಂತಿಯನ್ನೂ ತಿರುಗಿಸಬೇಕು. ಇಲ್ಲದಿದ್ದರೆ ಅದು ಖರ್ಚನ್ನು ಆದಾಯವೆಂದು ಬರೆಯುವ ಗುಮಾಸ್ತನಂತಾಗುವುದು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳುವುದುಂಟು. ಹಲಗೆಯ ಮೇಲೆ ಪ್ರತ್ಯಕ್ಷವಾಗಿ ಕಾಣುವ ತಪ್ಪು ಮುಳ್ಳಿನದು; ಪ್ರಮಾಣಿಸಿ ನೋಡಿದರೆ ಅದು ತುಕ್ಕುಹಿಡಿದ ಒಂದು ಬೋಲ್ಟಿನದೋ, ಅಂದವಾದ ಬಣ್ಣದ ಒಂದು ಪದರದ್ದೋ ಆಗಿರುವುದು. ಒಂದು ಮೀಟರು, ಒಂದು ತುಂಡು ತಂತಿ, ಒಂದು ಹಾಳೆ ಉಪ್ಪುಕಾಗದ, ಒಂದು ಮಧ್ಯಾಹ್ನದ ತಾಳ್ಮೆ: ಇಷ್ಟೇ ಬೇಕಾಗುವ ಬಂಡವಾಳ. ಬ್ಯಾಟರಿಯಿಂದ ಹೊರಟು ನೆಲಕ್ಕೆ ಮರಳುವವರೆಗೆ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನಡೆದು ನೋಡಿದವನಿಗೆ, ಎಪ್ಪತ್ತು ವರ್ಷದ ಮುಳ್ಳು ಇಂದಿಗೂ ನಿಜವನ್ನೇ ಹೇಳುವುದು.